ಹೆರಿಗೆಗೆ ಹೊರಟ ತಾಯಿಗೆ ಅರ್ಧ ದರ

ಹೂವಿನ ಹಿಪ್ಪರಗಿ
೯ ಆಗಸ್ಟ್ ೧೯೭೦

ಚಿ. ಸೌ. ಶೇವಂತಿಗೆ ಆಶೀರ್ವಾದ.

ಪಂಚಮಿ ಮುಗಿಯಿತು. ಜೋಕಾಲಿ ಬಿಚ್ಚಿಸಿ ಹಗ್ಗ ಒಳಗಿಡಿಸಿದ್ದೇನೆ. ಮನೆಯಲ್ಲಿ ಹೇಳುವಂಥ ತೊಂದರೆ ಏನೂ ಇಲ್ಲ.

ಗುರಲಿಂಗನ ಪತ್ರ ತಲುಪಿತು. ಹೆರಿಗೆ ಆಗುವತನಕ ನಿನ್ನನ್ನು ಗಾಡಿ ಹತ್ತಿಸಬಾರದೆಂದು ಡಾಕ್ಟರಬಾಯಿ ಹೇಳಿದ್ದಾಳೆ ಎಂದು ಬರೆದಿದ್ದಾನೆ. ಮೊದಲ ಬಾಣಂತನ ತವರಿನಲ್ಲಿ ಆಗಬೇಕು. ನಿನಗೆ ತಾಯಿ ಇಲ್ಲ, ತಂದೆ ಇಲ್ಲ. ಯಂಕಂಚಿಯಲ್ಲಿ ಸೋದರಮಾವನ ಮನೆ ಇದೆ, ಆದರೆ ಮದುವೆಯಾಗಿ ಎರಡು ವರ್ಷವಾದರೂ ಆ ಮನೆಯಿಂದ ಒಂದು ಕಾರ್ಡು ಬಂದದ್ದನ್ನು ನಾನು ಕಂಡಿಲ್ಲ. ಅದಕ್ಕೇ ನಿನ್ನನ್ನು ಇಲ್ಲಿಗೆ ಕರೆಸಿ ನಾನೇ ಮಾಡಬೇಕೆಂದಿದ್ದೆ. ನೀನು ಬರುವಂತಿಲ್ಲ ಎಂದಮೇಲೆ ನಾನು ಜಬಲ್ಪುರಕ್ಕೆ ಬರುತ್ತೇನೆ. ಇದನ್ನು ಗುರಲಿಂಗನನ್ನು ಕೇಳಿ ಠರಾಯಿಸಿಲ್ಲ, ನಿನ್ನನ್ನು ಕೇಳಿಯೂ ಅಲ್ಲ.

ನಿನಗೊಂದು ಕೆಲಸ ಹೇಳುತ್ತೇನೆ. ಇಲ್ಲಿಂದ ಅಲ್ಲಿಗೆ ರೈಲಿನಲ್ಲಿ ಎಲ್ಲಕ್ಕಿಂತ ಕಡಿಮೆ ದರ ಯಾವ ದಾರಿಗೆ ಬೀಳುತ್ತದೆ ಎಂದು ವಿಚಾರಿಸಿ ಬರೆ. ಗುರಲಿಂಗನಿಗೆ ಬಿಡಬೇಡ. ಕಾರ್ಖಾನೆ ಸೇರಿದ ಮೇಲೆ ನಿನ್ನ ಗಂಡ ಬೆಲೆ ಕೇಳುವುದನ್ನೇ ಮರೆತಿದ್ದಾನೆ. ನೀನು ಈ ಮನೆಯಲ್ಲಿದ್ದ ನಾಲ್ಕು ತಿಂಗಳಲ್ಲಿ ಮುದ್ದೇಬಿಹಾಳದ ಬಳೆಗಾರನ ಜೊತೆ ಹೇಗೆ ಜಗ್ಗಾಡಿದೆ ಎಂದು ನಾನು ನೋಡಿದ್ದೇನೆ. ಆಗ ಏನೂ ಅನ್ನಲಿಲ್ಲ, ಅಷ್ಟೇ.

ಕರೆದೊಯ್ಯಲು ತಾನೇ ಬರುತ್ತೇನೆ ಎಂದು ಗುರಲಿಂಗ ಬರೆದಿದ್ದಾನೆ. ಬೇಡ. ಅವನು ಬರುವುದೊಂದು, ಹೋಗುವುದೊಂದು, ನನ್ನದೊಂದು. ಒಬ್ಬ ಹೆಂಗಸನ್ನು ಸಾಗಿಸಲು ಮೂರು ಟಿಕೆಟ್. ನಮ್ಮ ಆಳುಮಗ ಖಂಡೆಪ್ಪ ಸೊಲ್ಲಾಪುರದವರೆಗಾದರೂ ಬರುತ್ತೇನೆಂದು ಗಂಟುಬಿದ್ದಿದ್ದಾನೆ.

“ಅವ್ವಾರ, ನೀವು ಒಬ್ಬರ ಹೋಗೂದು ಛಲೋ ಕಾಣಂಗಿಲ್ರಿ” ಅಂದ.

“ನೀ ಬಂದ್ರ ಛಲೋ ಕಾಣತೈತೇನು? ಸೊಲ್ಲಾಪುರದಾಗ ನೀ ತಪ್ಪಿಸ್ಕೊಂಡ್ರ ನಿನ್ನ ಹುಡುಕಾಕ ನಾ ಇಳೀಬೇಕು” ಅಂದೆ.

ರೊಕ್ಕ ಕಳಿಸಬೇಡಿ. ಕಳಿಸಿದರೆ ಮನಿಯಾರ್ಡರ್ ತಿರುಗಿ ಬರುತ್ತದೆ. ಬಸುರಿ ಸೊಸೆಯ ಮನೆಯ ರೊಕ್ಕದಲ್ಲಿ ಅವಳ ಬಾಣಂತನಕ್ಕೆ ಹೋಗುವ ಹೆಂಗಸು ನಾನಲ್ಲ.

ಶಂಕ್ರೆವ್ವ


ಜಬಲ್ಪುರ
೨೨ ಆಗಸ್ಟ್ ೧೯೭೦

ಪೂಜ್ಯ ಅತ್ತೆಯವರಿಗೆ ಶೇವಂತಿಯ ಶರಣು.

ನೀವು ಬರುತ್ತೀರಿ ಎಂದು ಓದಿ ಪತ್ರವನ್ನು ಮತ್ತೊಮ್ಮೆ ಓದಿದೆ. ನಾನು ಆರಾಮಿದ್ದೇನೆ. ಊಟ ಸೇರುತ್ತದೆ.

ನಿನ್ನೆ ಪಕ್ಕದ ಮನೆಯ ಬಾಯಿಯನ್ನು ಜೊತೆ ಮಾಡಿಕೊಂಡು ಸ್ಟೇಶನ್ನಿಗೆ ಹೋಗಿ ಕೇಳಿ ಬಂದೆ. ಕಿಟಕಿಯೊಳಗಿನ ಗುಮಾಸ್ತ ನನ್ನನ್ನು ನೋಡಿ, ಈ ಸ್ಥಿತಿಯಲ್ಲಿ ಅಷ್ಟು ದೂರ ಹೋಗಬೇಡ ಎಂದು ಬೈಯಲು ಶುರು ಮಾಡಿದ. ನನ್ನ ಅರ್ಧಮರ್ಧ ಹಿಂದಿಯಲ್ಲಿ, ಹೋಗುವವಳು ನಾನಲ್ಲ, ಬರುವವರು ನಮ್ಮ ಅತ್ತೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಬೆವತುಹೋದೆ. ಆಮೇಲೆ ಅವನು ನಕ್ಕು, ತನ್ನ ಹೆಂಡತಿಯಾಗಿದ್ದರೆ ಆ ಊರಿನಿಂದ ಗಾಡಿಯೇ ಇಲ್ಲವೆಂದು ಅತ್ತೆಗೆ ಬರೆದುಬಿಡುತ್ತಿದ್ದಳು ಅಂದ. ನಾನು ನಗಲಿಲ್ಲ. ಸ್ವಲ್ಪ ನಕ್ಕೆ.

ಅವನು ಹೇಳಿದ್ದು ಹೀಗೆ. ನಮ್ಮ ಕಡೆಯ ಸ್ಟೇಶನ್ನಿನಿಂದ ಸಣ್ಣ ಗಾಡಿಯಲ್ಲಿ ಸೊಲ್ಲಾಪುರ. ಅಲ್ಲಿಂದ ಎರಡು ದಾರಿ. ಕಲ್ಯಾಣದ ಮೇಲೆ ಬಂದರೆ ಗಾಡಿ ಒಮ್ಮೆ ಮಾತ್ರ ಬದಲಿಸಬೇಕು, ಆದರೆ ಸುತ್ತು, ದರ ಹೆಚ್ಚು. ದೌಂಡ, ಮನಮಾಡದ ಮೇಲೆ ಬಂದರೆ ದಾರಿ ಕಡಿಮೆ, ದರವೂ ಕಡಿಮೆ, ಎರಡು ಕಡೆ ಬದಲಿಸಬೇಕು. ಈ ಎರಡನೆಯ ದಾರಿಯಲ್ಲಿ ಎಲ್ಲೆಡೆ ಪ್ಯಾಸೆಂಜರ್ ಗಾಡಿಯನ್ನೇ ಹಿಡಿದರೆ ಅದಕ್ಕಿಂತ ಅಗ್ಗ ಇನ್ನೊಂದಿಲ್ಲ. ಆದರೆ ಅದು ಊರೂರಿಗೆ ನಿಲ್ಲುತ್ತದೆ, ಜಂಕ್ಷನ್ನುಗಳಲ್ಲಿ ರಾತ್ರಿಗಟ್ಟಲೆ ಕೂಡಬೇಕಾಗುತ್ತದೆ. ಮೇಲ್ ಗಾಡಿಯ ಮೂರನೆಯ ದರ್ಜೆಯಲ್ಲಿ ಬಂದರೆ ಅದೇ ದಾರಿ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ.

ನೀವು ಮೇಲ್ ಗಾಡಿಯಲ್ಲಿ ಬಂದರೆ ನನಗೆ ಸಮಾಧಾನ.

ಶೇವಂತಿ


ಹೂವಿನ ಹಿಪ್ಪರಗಿ
೪ ಸೆಪ್ಟೆಂಬರ್ ೧೯೭೦

ಚಿ. ಸೌ. ಶೇವಂತಿಗೆ ಆಶೀರ್ವಾದ.

ವಿಚಾರಿಸಿ ಬರೆ ಎಂದರೆ ಯಾರನ್ನಾದರೂ ಕಳಿಸಿ ವಿಚಾರಿಸು ಎಂದರ್ಥ. ಹೊಟ್ಟೆ ಹೊತ್ತುಕೊಂಡು ಸ್ಟೇಶನ್ನಿನ ಪಾಳಿಯಲ್ಲಿ ನಿಲ್ಲು ಎಂದಲ್ಲ. ಇನ್ನೊಮ್ಮೆ ಹೋದೆಯೆಂದು ತಿಳಿದರೆ ಗುರಲಿಂಗನಿಗೆ ಬರೆಯುತ್ತೇನೆ.

ಪ್ಯಾಸೆಂಜರಿನಲ್ಲೇ ಬರುತ್ತೇನೆ. ಮೇಲ್ ಗಾಡಿಯ ಅವಸರ ನನಗೇಕೆ? ಕೋರ್ಟಿನಲ್ಲಿ ತಾರೀಖು ಇದೆಯೇ? ಹೆಚ್ಚು ರೊಕ್ಕ ಕೊಟ್ಟು ಬೇಗ ಇಳಿಯುವುದಕ್ಕಿಂತ ಕಡಿಮೆ ಕೊಟ್ಟು ಹೆಚ್ಚು ಹೊತ್ತು ಕೂಡುವುದು ಲಾಭ. ಒಗೆತನ ಮಾಡುವ ಹೆಣ್ಣಿಗೆ ಇಷ್ಟು ಲೆಕ್ಕ ತಿಳಿದಿರಬೇಕು. ನಾನು ಹೈಸ್ಕೂಲಿನವರೆಗೆ ಓದಿದವಳು, ಸ್ಟೇಶನ್ನಿನ ಹಲಗೆ ಓದಲು ಬರುತ್ತದೆ. ಪಂಢರಪುರಕ್ಕೆ ಮೂರು ಸಲ ಹೋಗಿ ಬಂದಿದ್ದೇನೆ. ನನ್ನ ಚಿಂತೆ ಬಿಡು.

ಅಂಟು, ಅಳವಿ, ಕೊಬ್ಬರಿ ತೆಗೆದಿಟ್ಟಿದ್ದೇನೆ. ಬಾಣಂತಿಯ ಉಂಡಿ ಅಲ್ಲಿಗೆ ಬಂದು ಕಟ್ಟುತ್ತೇನೆ. ಬಿಳಿಜೋಳದ ಬಿತ್ತಿಗೆ ಮುಗಿಸಿ, ದೀಪಾವಳಿಯ ಪೂಜೆ ಆದಮೇಲೆ ಹೊರಡುತ್ತೇನೆ. ಅಲ್ಲಿಯತನಕ ಕೆಳಗೆ ಬಗ್ಗಿ ಕಸ ಹೊಡೆಯಬೇಡ.

ಶಂಕ್ರೆವ್ವ


ಜಬಲ್ಪುರ
೧೯ ಸೆಪ್ಟೆಂಬರ್ ೧೯೭೦

ಪೂಜ್ಯ ಅತ್ತೆಯವರಿಗೆ ಶರಣು.

ಕಸ ಹೊಡೆಯುವುದನ್ನು ಬಿಟ್ಟಿದ್ದೇನೆ. ಸ್ಟೇಶನ್ನಿಗೂ ಹೋಗಿಲ್ಲ. ಕೂತಲ್ಲೇ ಕಾಲೊನಿಯ ಹೆಂಗಸರ ಕುಪ್ಪಸಗಳಿಗೆ ಕಾಜಗುಂಡಿ ಹಾಕುತ್ತ ಹೊತ್ತು ಕಳೆಯುತ್ತೇನೆ.

ಒಂದು ಒಳ್ಳೆಯ ಸುದ್ದಿ. ರೈಲಿನವರದು ಒಂದು ರಿಯಾಯಿತಿ ಇದೆಯೆಂದು ಗೊತ್ತಾಯಿತು. ಮಗಳ ಚೊಚ್ಚಲ ಹೆರಿಗೆಗೆ ಹೋಗುವ ತಾಯಿಗೆ ಮೂರನೆಯ ದರ್ಜೆಯಲ್ಲಿ ಅರ್ಧ ದರ. ಮೇಲ್ ಗಾಡಿಗೆ ಮಾತ್ರ ಕೊಡುತ್ತಾರೆ, ಪ್ಯಾಸೆಂಜರಿಗೆ ಇಲ್ಲ. ಅರ್ಧ ದರದಲ್ಲಿ ಮೇಲ್ ಗಾಡಿ ಪ್ಯಾಸೆಂಜರಿಗಿಂತಲೂ ಅಗ್ಗ ಬೀಳುತ್ತದೆ. ನೀವು ಕೇಳಿದ ಎಲ್ಲಕ್ಕಿಂತ ಕಡಿಮೆ ದರ ಇದೇ.

ನಿಮ್ಮ ಮಗನ ಸಾಲಿಯ ಗೆಳೆಯರು ಬಸಂತರಾಯರು ಅಲ್ಲಿ ಟಿಕೆಟ್ ಕೊಡುತ್ತಾರಲ್ಲ, ಅವರನ್ನೇ ಕೇಳಿ. ಬೇರೆಯವರಿಗೆ ಈ ನಿಯಮ ತಿಳಿದಿರಲಿಕ್ಕಿಲ್ಲ. ಕಾಗದಪತ್ರ ಏನೂ ಬೇಡ. ಮಗಳ ಹೆರಿಗೆಗೆ ಹೋಗುತ್ತಿದ್ದೇನೆ ಎಂದು ಬಾಯಿಂದ ಹೇಳಿದರೆ ಸಾಕಂತೆ.

ಶೇವಂತಿ


ಹೂವಿನ ಹಿಪ್ಪರಗಿ
೧ ಅಕ್ಟೋಬರ್ ೧೯೭೦

ಚಿ. ಸೌ. ಶೇವಂತಿಗೆ ಆಶೀರ್ವಾದ.

ಸ್ಟೇಶನ್ನಿಗೆ ಹೋಗಿ ಬಸಂತರಾಯನನ್ನು ಕೇಳಿದೆ. “ಹೌದ್ರಿ ದೊಡ್ಡವ್ವಾ, ಐತ್ರಿ, ಅರ್ಧಾನ ರಿ” ಅಂದ. ಗುಂಟಕಲ್ಲಿಗೆ ದರ ಕೇಳಿದರೂ ಮೂರು ಪುಸ್ತಕ ತಿರುವಿ ಹಾಕುವವನು, ಇದಕ್ಕೆ ಪುಸ್ತಕ ಮುಟ್ಟಲಿಲ್ಲ. ಬಾಯಿಪಾಠ ಮಾಡಿದ್ದಾನೆ ಎಂದುಕೊಂಡೆ. ಸರಕಾರ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದೆ ಎಂದು ಓಣಿಯಲ್ಲಿ ನಾಲ್ಕು ಮಂದಿಗೆ ಹೇಳಿದೆ. ಹಿತ್ತಲಿನ ಮನೆಯ ಶಮ್ಶುನ್ನೀಸಾಳ ಮಗಳು ಪುಣೆಯಲ್ಲಿ ಎಂಟು ತಿಂಗಳ ಬಸುರಿ. ಅವಳಿಗಂತೂ ಬಹಳ ಸಂತೋಷವಾಯಿತು.

ಆದರೆ ನಾನು ಅದನ್ನು ತೆಗೆದುಕೊಳ್ಳುವುದಿಲ್ಲ. ರಿಯಾಯಿತಿ ತಾಯಿಗೆ. ನೀನು ನನ್ನ ಮಗಳಲ್ಲ, ಸೊಸೆ. ಕಿಟಕಿಯ ಮುಂದೆ ನಿಂತು ಸುಳ್ಳು ಹೇಳುವುದು ನನ್ನಿಂದ ಆಗದು. ಮೊದಲು ಹೇಳಿದಂತೆ ಪ್ಯಾಸೆಂಜರಿನಲ್ಲೇ ಬರುತ್ತೇನೆ.

ಶಂಕ್ರೆವ್ವ


ಜಬಲ್ಪುರ
೧೩ ಅಕ್ಟೋಬರ್ ೧೯೭೦

ಪೂಜ್ಯ ಅತ್ತೆಯವರಿಗೆ ಶರಣು.

ಪತ್ರ ಮುಟ್ಟಿತು. ಸುಳ್ಳು ಹೇಳಿ ಎಂದು ನಾನು ಬರೆಯಬಾರದಿತ್ತು. ತಪ್ಪಾಯಿತು.

ಅಷ್ಟು ದೂರ ನೀವು ಒಬ್ಬರೇ ಬರುವುದೂ ಬೇಡ. ಪಕ್ಕದ ಮನೆಯ ಬಾಯಿ ನಾಲ್ಕು ಹೆತ್ತವರು, ನೋಡಿಕೊಳ್ಳುತ್ತೇನೆ ಎಂದಿದ್ದಾರೆ. ಹೊಲದ ಕೆಲಸ ಇರುವಾಗ ನೀವು ಮನೆ ಬಿಡಬಾರದು. ಕೂಸು ಹುಟ್ಟಿದ ಮೇಲೆ ನಿಮ್ಮ ಮಗ ತಂತಿ ಕೊಡುತ್ತಾರೆ.

ನಾನು ಆರಾಮಿದ್ದೇನೆ.

ಶೇವಂತಿ


ಹೂವಿನ ಹಿಪ್ಪರಗಿ
೩ ನವೆಂಬರ್ ೧೯೭೦

ಚಿ. ಸೌ. ಶೇವಂತಿಗೆ ಆಶೀರ್ವಾದ.

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಮುನಿಸಿನಿಂದ ಸುಮ್ಮನಿದ್ದೆ ಎಂದು ತಿಳಿಯಬೇಡ. ಕೆಲವು ದಿನ ಊರಲ್ಲಿರಲಿಲ್ಲ. ಊರಲ್ಲಿದ್ದ ದಿನ ಕೈಗೆ ಪೆನ್ನು ತೆಗೆದುಕೊಳ್ಳುವ ಮನಸ್ಸಿರಲಿಲ್ಲ. ನಡೆದದ್ದನ್ನೆಲ್ಲ ಹೇಳುತ್ತೇನೆ.

ನಿನ್ನ ಪತ್ರ ಬಂದ ವಾರವೇ ಶಮ್ಶುನ್ನೀಸಾ ಹೊಸ ಸೀರೆ ಉಟ್ಟು, ಮಗಳ ಹೆರಿಗೆಗೆ ಪುಣೆಗೆ ಅರ್ಧ ಟಿಕೆಟ್ ತರಲು ಸ್ಟೇಶನ್ನಿಗೆ ಹೋದಳು. ಆ ದಿನ ಬಸಂತರಾಯ ರಜೆಯಲ್ಲಿದ್ದ. ಅವನ ಜಾಗದಲ್ಲಿ ಕೂತವನು ಇವಳ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಪಾಳಿಯಲ್ಲಿ ನಿಂತವರೆಲ್ಲ ನಕ್ಕರಂತೆ. ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು.

“ಶಂಕ್ರವ್ವಾ, ನಿಂದು ಯಾವ ಸರಕಾರವಾ? ನನಗ ಆ ಸರಕಾರ ಸಿಗಲೇ ಇಲ್ಲ” ಅಂದಳು.

“ಯಾಕ, ಏನಂದ್ರು?”

“ಹಡಿಯೂದಕ್ಕೂ ರಿಯಾಯತಿ ಕೊಟ್ರ ರೈಲು ದಿವಾಳಿ ಎದ್ದ ಹೋಗತೈತಿ ಬೀಬೀ ಅಂದ. ಒಬ್ಬಾಂವ ನನಗ, ಬೀಬೀ, ಕೂಸಿನ ತಿಕೀಟ ಈಗ ತೆಗಿಸಿ ಇಟ್ಟಬಿಡ್ರಿ, ಹುಟ್ಟಿದ ಮ್ಯಾಗ ತುಟ್ಟಿ ಆಗತೈತಿ ಅಂದ. ನಾ ಏನ ಹೇಳಲಿ? ನಮ್ಮ ಶಂಕ್ರವ್ವ ಹೇಳ್ಯಾಳ ಅಂದೆ. ಮತ್ತೂ ನಕ್ಕರು.”

ನನ್ನ ಹೆಸರಿಗೆ ಜನ ನಕ್ಕದ್ದು ಈ ವಯಸ್ಸಿನಲ್ಲಿ ಇದೇ ಮೊದಲು. ಮರುದಿನ ಬಸಂತರಾಯನ ಮನೆಗೇ ಹೋದೆ. ಅಂಗಳದಲ್ಲಿ ಹಲ್ಲು ತಿಕ್ಕುತ್ತಿದ್ದ.

“ಆ ರಿಯಾಯತಿ ಯಾವ ಪುಸ್ತಕದಾಗ ಐತಿ, ತೋರಸು” ಅಂದೆ.

ಬಾಯಿ ಮುಕ್ಕಳಿಸಿದ. ಅದಕ್ಕೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಮುಕ್ಕಳಿಸಿದ.

“ಪುಸ್ತಕದಾಗ ಇಲ್ರಿ ದೊಡ್ಡವ್ವಾ. ಮನಿಯಾರ್ಡರದಾಗ ಐತ್ರಿ.”

ಎಲ್ಲವನ್ನೂ ಹೇಳಿದ. ಅರ್ಧ ದರ ನೀನು ಅವನಿಗೆ ಕಳಿಸಿದ್ದು, ನನ್ನಿಂದ ಉಳಿದರ್ಧ ಮಾತ್ರ ತೆಗೆದುಕೊಳ್ಳಲು ಕೈಮುಗಿದು ಬರೆದದ್ದು. “ಆಕೀ ಪತ್ರ ಓದಿ ನನಗ ಇಲ್ಲ ಅನ್ನಾಕ ಆಗಲಿಲ್ರಿ. ನೀವು ಹೊಡೀತೀರಿ ಅಂದ್ರ ಹೊಡೀರಿ” ಅಂದ. ಹೊಡೆಯಲಿಲ್ಲ. ರೊಕ್ಕ ಈಸಿಕೊಂಡೆ. ಅದು ನನ್ನ ಹತ್ತಿರ ಇದೆ, ನಿನ್ನ ಕೈಗೇ ಕೊಡುತ್ತೇನೆ. ಆ ರೊಕ್ಕ ಎಷ್ಟು ಕಾಜಗುಂಡಿಗಳದು ಎಂದು ನಾನು ಕೇಳುವುದಿಲ್ಲ.

ಅರ್ಧ ದರ ಇದೆ ಎಂದು ಓಣಿಗೆ ಹೇಳಿದವಳು ನಾನು. ಶಂಕ್ರೆವ್ವ ಸುಳ್ಳು ಹೇಳಿದಳು ಎಂದು ಆಗಬಾರದು. ಅದಕ್ಕೆ ಶಮ್ಶುನ್ನೀಸಾಳ ಪುಣೆಯ ಟಿಕೆಟ್ಟಿನ ಅರ್ಧ ನಾನೇ ಕೊಟ್ಟೆ. ಬೇಡವೆಂದಳು. “ನಿನಗ ಸರಕಾರ ಸಿಗಲಿಲ್ಲ ಅಂದೆಲ್ಲಾ, ಇಲ್ಲೇ ಐತಿ ತಗೋ” ಅಂದೆ. ಹೇಳಿದ ನಾಲ್ಕು ಮಂದಿಯಲ್ಲಿ ಉಳಿದ ಮೂವರ ಹೆಣ್ಣುಮಕ್ಕಳು ಬಸ್ಸಿನ ದಾರಿಯಲ್ಲಿರುವುದು ನನ್ನ ಪುಣ್ಯ. ಅಗ್ಗದ ದಾರಿ ಹುಡುಕಲು ನಿನಗೆ ಹೇಳಿದ್ದಕ್ಕೆ ನನಗೆ ಒಂದೂವರೆ ಟಿಕೆಟ್ ಬಿತ್ತು.

ಆ ರಾತ್ರಿ ನಿನ್ನ ಮೇಲೆ ಸಿಟ್ಟು ಕುದಿಯುತ್ತಿತ್ತು. ಬೈದು ಬರೆಯಬೇಕೆಂದು ನಿನ್ನ ಕಡೆಯ ಪತ್ರ ಮತ್ತೆ ತೆಗೆದು ನೋಡಿದೆ. ಆಗ ಅಕ್ಷರ ಕಣ್ಣಿಗೆ ಬಿತ್ತು. ಸಾಲು ಸಾಲೂ ಬಲಕ್ಕೆ ಇಳಿದಿದೆ. ಮೊದಲ ಪತ್ರಗಳಲ್ಲಿ ಹಾಗಿಲ್ಲ. ಅದು ಮಲಗಿ ಬರೆದ ಅಕ್ಷರ. ಗುರಲಿಂಗನ ತಂದೆ ಕಡೆಯ ವರ್ಷ ಹಾಗೆಯೇ ಬರೆಯುತ್ತಿದ್ದರು. ಆರಾಮಿದ್ದೇನೆ ಎಂದು ಮಲಗಿಕೊಂಡು ಬರೆದಿದ್ದೀಯ.

ಬೆಳಿಗ್ಗೆ ಎದ್ದು ಸಿಂದಗಿಯ ಬಸ್ಸು ಹತ್ತಿ ಯಂಕಂಚಿಗೆ ಹೋದೆ. ನಿನ್ನ ಸೋದರಮಾವ ಸೋಮನಿಂಗ ಹೊಲದಲ್ಲಿದ್ದ. ಅವನ ಹೆಂಡತಿ ಮರೆವ್ವ ಬಾಗಿಲಲ್ಲಿ ಸಿಕ್ಕಳು.

“ಬರ್ರಿ ಬೀಗತಿ, ದಾರಿ ತಪ್ಪಿ ಬಂದೀರೇನು?” ಅಂದಳು.

“ತಪ್ಪಿದಾಕಿ ನೀನು. ಎರಡು ವರ್ಷ ಆತು, ಹುಡುಗಿ ಮನಿ ದಾರಿ ನಿನಗ ಸಿಕ್ಕಿಲ್ಲ. ಆಕಿಗೆ ಒಂಬತ್ತರಾಗ ಐತಿ. ಕುಬಸ ಯಾರು ಮಾಡ್ತೀರಿ?”

ಬಾಯಿಗೆ ಬಾಯಿ ಕೊಡುತ್ತಾಳೆ ಎಂದು ತಯಾರಾಗಿ ನಿಂತಿದ್ದೆ. ಅವಳು ಅಲ್ಲೇ ಕುಸಿದು ಕೂತಳು. ಒಳಗಿನ ಕೋಣೆಯ ಕಡೆ ಕೈ ಮಾಡಿ ಹೇಳಿದಳು. ನಿನ್ನ ತಾಯಿ ರಾಮವ್ವ ಎರಡನೆಯದನ್ನು ಹೆರುವಾಗ ಅಲ್ಲೇ ಹೋದಳೆಂದು. ಕೂಸೂ ಉಳಿಯಲಿಲ್ಲವೆಂದು. “ನೀರ ತಗೊಂಬಾ ಅಂತ ಈ ಹುಡುಗಿಗೆ ಹೇಳಿದ್ವಿ. ಬಾಗಲಕ್ಕ ತಂಬಿಗಿ ಹಿಡಕೊಂಡು ನಿಂತಿತ್ತು. ಒಳಗ ಎಲ್ಲಾ ಮುಗದ ಹೋತು. ಯಾರೂ ಆ ತಂಬಿಗಿ ಇಸ್ಕೊಳ್ಲಿಲ್ರಿ. ಆಕಿ ಮಾರಿ ನೋಡಿದ್ರ ನನಗ ಅದ ಕಾಣತೈತಿ. ಅದಕ್ಕ ಬರಿಯಾಕ ಮನಸ ಬರಲಿಲ್ಲ” ಅಂದಳು.

ನಿನಗೆ ತಾಯಿ ಇಲ್ಲ ಎಂದು ನನಗೆ ಗೊತ್ತಿತ್ತು. ಹೇಗೆ ಹೋದಳೆಂದು ನೀನು ಹೇಳಲಿಲ್ಲ. ಎರಡು ವರ್ಷದಲ್ಲಿ ನಾನೂ ಕೇಳಲಿಲ್ಲ.

ಮರೆವ್ವ ನನ್ನ ಜೊತೆ ಸಿಂದಗಿಯ ಪೇಟೆಗೆ ಬಂದಳು. ಹಸಿರು ಕುಬಸದ ಅರಿವೆ ಅವಳೇ ಆರಿಸಿದಳು, ರೊಕ್ಕವನ್ನೂ ಅವಳೇ ಕೊಟ್ಟಳು. ನಾನು ಕೈ ಹಾಕಲಿಲ್ಲ. ಬಸುರಿಗೆ ಕುಬಸ ಮಾಡುವುದು ತವರಿನ ಕೆಲಸ. ಅಕ್ಕಿ, ಕೊಬ್ಬರಿ, ಹಸಿರು ಬಳೆ ಕಟ್ಟಿಕೊಟ್ಟು, ಅಳುತ್ತ ಬಸ್ಸಿನ ಕಿಟಕಿ ಹಿಡಿದು ನಿಂತಳು. ಕಂಡಕ್ಟರ್ ಬೈಯುವವರೆಗೂ ಬಿಡಲಿಲ್ಲ.

ಈಗ ಆ ಮಾತು. ನೀನು ನನ್ನ ಮಗಳಲ್ಲ ಎಂದು ಬರೆದಿದ್ದೆ. ಈಗಲೂ ಅದನ್ನೇ ಬರೆಯುತ್ತೇನೆ. ನಿನ್ನನ್ನು ಹೆತ್ತವಳು ರಾಮವ್ವ. ಅವಳು ಇಲ್ಲವೆಂದು, ಅರ್ಧ ಟಿಕೆಟ್ಟಿನ ಆಸೆಗೆ ಅವಳ ಜಾಗದಲ್ಲಿ ನಾನು ನಿಂತುಕೊಳ್ಳುವುದು ನ್ಯಾಯವಲ್ಲ ಎಂದು ಅನ್ನಿಸಿತು. ಇದನ್ನು ಆಗಲೇ ಬರೆದಿದ್ದರೆ ಆಗುತ್ತಿತ್ತು. ನಾನು ಅರ್ಧ ಬರೆದು ನಿಲ್ಲಿಸಿದೆ. ನೀನು ಅದನ್ನು ಹೇಗೆ ಓದಿಕೊಂಡೆ ಎಂದು ನಿನ್ನ ಪತ್ರದಿಂದ ತಿಳಿಯಿತು. ನಾನು ಅಲ್ಲಿಗೆ ಬಂದಮೇಲೂ ನೀನು ನನ್ನನ್ನು ಅತ್ತೆ ಎಂದೇ ಕರೆ. ಅತ್ತೆಯೂ ಒಂದು ಸಂಬಂಧವೇ.

ನಿನ್ನೆ ಟಿಕೆಟ್ ತೆಗೆಸಿದೆ. ಬಸಂತರಾಯ ನನ್ನ ಮುಖ ನೋಡದೆ ಕೇಳಿದ.

“ಪ್ಯಾಸೆಂಜರ್ ಏನ್ರಿ ದೊಡ್ಡವ್ವಾ?”

“ಮೇಲ್.”

“ಪೂರಾ ದರ ಆಗತೈತ್ರಿ.”

“ಪೂರಾನ ತಗೋ. ನನ್ನ ಸೊಸಿಗೆ ಅರ್ಧಾ ಅತ್ತಿ ಸಾಲಂಗಿಲ್ಲ” ಅಂದೆ.

ಶನಿವಾರ ಹೊರಡುತ್ತೇನೆ. ಗುರಲಿಂಗನನ್ನು ಸ್ಟೇಶನ್ನಿಗೆ ಕಳಿಸು. ನೀನು ಎದ್ದು ಬರಬೇಡ.

ಶಂಕ್ರೆವ್ವ


ಮನಮಾಡ ಸ್ಟೇಶನ್
೮ ನವೆಂಬರ್ ೧೯೭೦

ಚಿ. ಸೌ. ಶೇವಂತಿಗೆ ಆಶೀರ್ವಾದ.

ಈ ಕಾರ್ಡು ನಾನು ಬಂದಮೇಲೆ ಬರುತ್ತದೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಲು ನನ್ನಿಂದ ಆಗದು. ಓದಿಕೊ, ನನ್ನ ಮುಂದೆ ಮಾತು ತೆಗೆಯಬೇಡ.

ಪ್ಯಾಸೆಂಜರ್ ಬೇಕೆಂದು ಹಟ ಹಿಡಿದದ್ದು ರೊಕ್ಕಕ್ಕಾಗಿ ಅಷ್ಟೇ ಅಲ್ಲ. ನಾನು ಒಬ್ಬಳೇ ಇಷ್ಟು ದೂರ ಎಂದೂ ಹೋದವಳಲ್ಲ. ಪ್ಯಾಸೆಂಜರ್ ಊರೂರಿಗೆ ನಿಲ್ಲುತ್ತದೆ. ಧೈರ್ಯ ಸಾಲದಿದ್ದರೆ ಎಲ್ಲಿ ಬೇಕಾದರೂ ಇಳಿದು ತಿರುಗಿ ಹೋಗಬಹುದು ಎಂದುಕೊಂಡಿದ್ದೆ. ಮೇಲ್ ಗಾಡಿ ಹಾಗೆ ಯಾರನ್ನೂ ಕೇಳಿ ನಿಲ್ಲುವುದಿಲ್ಲ. ದೌಂಡ ಬರುವತನಕ ಗಂಟನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ಎದುರಿಗೆ ಕೂತ ಸೊಲ್ಲಾಪುರದ ಹೆಣ್ಣುಮಗಳು ಮಾತಿಗೆಳೆದಳು.

“ಎಲ್ಲಿಗೆ ಹೊಂಟೀರಿ, ಯವ್ವಾ?”

“ಸೊಸಿ ಬಾಣಂತನಕ್ಕ.”

“ಯಾಕ್ರಿ, ಆಕಿಗೆ ತವರ ಇಲ್ಲೇನು?”

“ಐತಿ. ಈ ಗಂಟಿನ್ಯಾಗ ಐತಿ” ಅಂದೆ.

ಇಲ್ಲಿ ಎದುರಿನ ಪ್ಲಾಟ್‌ಫಾರ್ಮಿನಲ್ಲಿ ದೌಂಡಕ್ಕೆ ತಿರುಗಿ ಹೋಗುವ ಗಾಡಿ ನಿಂತಿದೆ. ಡಬ್ಬಿಗಳೆಲ್ಲ ಖಾಲಿ ಇವೆ. ನೋಡಿದೆ, ಅಷ್ಟೇ. ನಮ್ಮ ಗಾಡಿ ಬರುವ ಗಂಟೆ ಹೊಡೆದರು. ಪೆನ್ನು ಟಿಕೆಟ್ ನೋಡುವವನದು, ಕೈ ಚಾಚಿಕೊಂಡು ನಿಂತಿದ್ದಾನೆ. ಕೊಡುತ್ತೇನೆ.

ಶಂಕ್ರೆವ್ವ